ಕರ್ನಲ್‌ನ ಒಳಗಿನ ಹೆಡರ್‌ಗಳನ್ನು ಸಾಮಾನ್ಯ ಪ್ರೋಗ್ರಾಂಗಳಿಗೆ ಎಳೆದು ತರುವುದನ್ನು ಇನ್ನಾದರೂ ನಿಲ್ಲಿಸಬೇಕು

ಸಿ ಭಾಷೆಯಲ್ಲಿ ಪ್ರೋಗ್ರಾಂ ಬರೆಯುವ ಹಲವರಲ್ಲಿ ಒಂದು ನಂಬಿಕೆ ಬೇರೂರಿದೆ. ಹೆಡರ್ ಫೈಲೊಂದು (ಫಂಕ್ಷನ್ ಮತ್ತಿತರ ವಿವರಗಳನ್ನು ಹೊತ್ತ, ಪ್ರೋಗ್ರಾಂಗೆ ಸೇರಿಸಿಕೊಳ್ಳುವ ಫೈಲ್) ಡಿಸ್ಕಿನಲ್ಲಿ ಎಲ್ಲಿಯೋ ಇದ್ದು, ಅದನ್ನು ಇನ್‌ಕ್ಲೂಡ್ ಮಾಡಿದಾಗ ಕಂಪೈಲರ್ ತಕರಾರು ಎತ್ತದಿದ್ದರೆ ಅದನ್ನು ಧಾರಾಳವಾಗಿ ಬಳಸಬಹುದು ಎಂಬುದೇ ಆ ನಂಬಿಕೆ. ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಲಿನಕ್ಸ್ ಕರ್ನಲ್‌ನ ಸೋರ್ಸ್ ಎಲ್ಲರಿಗೂ ತೆರೆದಿರುವುದರಿಂದ ಈ ಪ್ರಲೋಭನೆ ಅಲ್ಲಿ ಇನ್ನೂ ಹೆಚ್ಚು. ಬೇಕಾದ ಸ್ಟ್ರಕ್ಚರ್ (ಹಲವು ಮಾಹಿತಿಗಳನ್ನು ಒಟ್ಟಿಗಿಡುವ ರಚನೆ), ಮ್ಯಾಕ್ರೋ (ಕಂಪೈಲ್‌ಗೆ ಮೊದಲು ಬೇರೆ ಪಠ್ಯವಾಗಿ ಬದಲಾಗುವ ಹೆಸರು), ಇನ್‌ಲೈನ್ ಫಂಕ್ಷನ್ ಎಲ್ಲವೂ ಕಣ್ಣೆದುರೇ ಇರುತ್ತವೆ. ಆದರೆ ಆ ಫೈಲ್‌ಗಳನ್ನು ಬರೆದವರು ಅವುಗಳನ್ನು ಕರ್ನಲ್ ಕಟ್ಟುವುದಕ್ಕೆಂದು ಬರೆದಿದ್ದಾರೆ. ಹೊರಗಿನ ಪ್ರೋಗ್ರಾಂಗೆ ಅವರು ಯಾವ ಮಾತನ್ನೂ ಕೊಟ್ಟಿಲ್ಲ.

ಲಿನಕ್ಸ್‌ನಲ್ಲಿ ಕೊಟ್ಟ ಮಾತು ಯಾವುದು ಎಂಬುದು ಸ್ಪಷ್ಟವಾಗಿಯೇ ಇದೆ. ಪ್ರೋಗ್ರಾಂಗಳು ಕರ್ನಲ್‌ನಿಂದ ಕೆಲಸ ಕೇಳುವ ಸಿಸ್ಟಮ್ ಕಾಲ್‌ಗಳ ವರ್ತನೆಯನ್ನು ಕೆಡಿಸಬಾರದು, ಹಳೆಯ ಪ್ರೋಗ್ರಾಂ ಹೊಸ ಕರ್ನಲ್‌ನ ಮೇಲೂ ಓಡಬೇಕು ಎಂಬ ನಿಯಮವನ್ನು ಲಿನಕ್ಸ್‌ನ ಸೃಷ್ಟಿಕರ್ತ ಲಿನಸ್ ಟೊರ್ವಾಲ್ಡ್ಸ್ ಕಟ್ಟುನಿಟ್ಟಾಗಿ ಪಾಲಿಸಿಕೊಂಡು ಬಂದಿದ್ದಾರೆ. ಕರ್ನಲ್‌ನ ಒಳಗಿನ ಫಂಕ್ಷನ್‌ಗಳಿಗೂ ಸ್ಟ್ರಕ್ಚರ್‌ಗಳಿಗೂ ಅಂತಹ ಯಾವ ಸ್ಥಿರತೆಯೂ ಇಲ್ಲ, ಇರುವುದೂ ಇಲ್ಲ ಎಂದು ಕರ್ನಲ್‌ನ ಅಧಿಕೃತ ದಾಖಲೆಗಳಲ್ಲೇ ಅದರ ಪ್ರಮುಖ ನಿರ್ವಾಹಕ ಗ್ರೆಗ್ ಕ್ರೋ-ಹಾರ್ಟ್‌ಮನ್ ವಿವರವಾಗಿ ಬರೆದಿದ್ದಾರೆ. ಒಳಗಿನ ಹೆಡರ್ ಅನ್ನು ಇನ್‌ಕ್ಲೂಡ್ ಮಾಡುವವರು ಮೊದಲನೆಯ ಮಾತಿನ ರಕ್ಷಣೆಯಿಂದ ಹೊರಬಂದು ಎರಡನೆಯದರ ಅನಿಶ್ಚಿತತೆಗೆ ತಾವಾಗಿಯೇ ಕಾಲಿಡುತ್ತಾರೆ.

ಕಂಪೈಲ್ ಆಗದೆ ನಿಂತರೆ ಅದು ಅದೃಷ್ಟವೆಂದೇ ನಾನು ಭಾವಿಸುತ್ತೇನೆ. ನನ್ನನ್ನು ಚಿಂತೆಗೀಡುಮಾಡುವುದು ಸದ್ದಿಲ್ಲದೆ ಕಂಪೈಲ್ ಆಗಿ, ತಪ್ಪು ಕೆಲಸ ಮಾಡುವ ಪ್ರೋಗ್ರಾಂ. ಅಟಾಮಿಕ್ (ನಡುವೆ ಯಾರೂ ನುಗ್ಗದಂತೆ ಒಂದೇ ಬಾರಿಗೆ ಮುಗಿಯುವ) ಎಣಿಕೆಯ ಹೆಡರ್‌ನ ಕಥೆ ಇದಕ್ಕೆ ಒಳ್ಳೆಯ ನಿದರ್ಶನ. ಕರ್ನಲ್‌ನ 2.4ನೇ ಆವೃತ್ತಿಯ ಕಾಲದಲ್ಲಿ, ಒಂದೇ ಪ್ರೋಗ್ರಾಂನೊಳಗೆ ಏಕಕಾಲದಲ್ಲಿ ಓಡುವ ಹಲವು ಥ್ರೆಡ್‌ಗಳು ಹಂಚಿಕೊಂಡ ಎಣಿಕೆಯನ್ನು ಸುರಕ್ಷಿತವಾಗಿ ಏರಿಸಲು ಬೇರೆ ಸುಲಭ ದಾರಿ ಕಾಣದೆ, ಕೆಲವರು ಕರ್ನಲ್‌ನ ಅಟಾಮಿಕ್ ಹೆಡರ್ ಅನ್ನೇ ತಮ್ಮ ಪ್ರೋಗ್ರಾಂಗಳಲ್ಲಿ ಬಳಸಿದರು. ಇಂಟೆಲ್ ಬಗೆಯ ಎಕ್ಸ್86 ಪ್ರೊಸೆಸರ್‌ಗಳಿಗಾಗಿ ಬರೆದ ಆ ಹೆಡರ್‌ನಲ್ಲಿ, ಬಹು ಪ್ರೊಸೆಸರ್‌ಗಳ ಕರ್ನಲ್ ಕಟ್ಟಲು ಆಯ್ಕೆ ಮಾಡಿದಾಗ ಮಾತ್ರ ಇನ್‌ಸ್ಟ್ರಕ್ಷನ್‌ನ ಮುಂದೆ, ಬೇರೆ ಪ್ರೊಸೆಸರ್ ನಡುವೆ ನುಗ್ಗದಂತೆ ತಡೆಯುವ ಲಾಕ್ ಎಂಬ ಪೂರ್ವಪದ ಸೇರುತ್ತಿತ್ತು. ಆ ಆಯ್ಕೆಯನ್ನು ತಿಳಿಸುವ ಮ್ಯಾಕ್ರೋ ಕರ್ನಲ್‌ನ ಕಾನ್ಫಿಗರೇಶನ್‌ನಿಂದ ಬರುತ್ತದೆಯೇ ಹೊರತು, ಸಾಮಾನ್ಯ ಪ್ರೋಗ್ರಾಂ ಕಂಪೈಲ್ ಆಗುವಾಗ ಅದರ ಸುಳಿವೂ ಇರುವುದಿಲ್ಲ. ಹೀಗಾಗಿ ಹೆಸರಿನಲ್ಲಿ ಅಟಾಮಿಕ್ ಆಗಿದ್ದ ಫಂಕ್ಷನ್ ಲಾಕ್ ಇಲ್ಲದ ಸಾದಾ ಏರಿಕೆಯಾಗಿ ಉಳಿಯುತ್ತಿತ್ತು. ಒಂದೇ ಪ್ರೊಸೆಸರ್ ಇರುವ ಯಂತ್ರದಲ್ಲಿ ಎಷ್ಟು ಪರೀಕ್ಷಿಸಿದರೂ ದೋಷ ಕಾಣುವುದಿಲ್ಲ. ಎರಡು ಪ್ರೊಸೆಸರ್‌ಗಳ ಯಂತ್ರದಲ್ಲಿ ಎಣಿಕೆ ಆಗೊಮ್ಮೆ ಈಗೊಮ್ಮೆ ತಪ್ಪುತ್ತದೆ, ಮತ್ತೆ ತೋರಿಸು ಎಂದರೆ ತೋರಿಸಲಾಗುವುದಿಲ್ಲ. ಇಂತಹ ದೋಷವನ್ನು ಹುಡುಕಲು ಹೊರಟವರು ತಮ್ಮ ಕೋಡ್ ಅನ್ನು ಎಷ್ಟು ಸಲ ಓದಿದರೂ ಪ್ರಯೋಜನವಿಲ್ಲ, ಏಕೆಂದರೆ ದೋಷ ಅವರ ಕೋಡ್‌ನಲ್ಲಿಲ್ಲ.

ಸೀರಿಯಲ್ ಪೋರ್ಟ್‌ನ ಉದಾಹರಣೆ ಇಂದಿಗೂ ಜೀವಂತವಾಗಿದೆ. ಪ್ರಮಾಣಿತ ಪಟ್ಟಿಯಲ್ಲಿಲ್ಲದ ಬಾಡ್ ದರ (ಪೋರ್ಟ್‌ನಲ್ಲಿ ದತ್ತಾಂಶ ಹರಿಯುವ ವೇಗ) ಬೇಕೆಂದಾಗ, ಅದಕ್ಕೆ ಬೇಕಾದ ಮ್ಯಾಕ್ರೋ ಮತ್ತು ಸ್ಟ್ರಕ್ಚರ್ ಬಹಳ ಕಾಲ ಕರ್ನಲ್‌ನ ಹೆಡರ್‌ನಲ್ಲಿ ಮಾತ್ರ ಸಿಗುತ್ತಿದ್ದವು. ಅದನ್ನೂ ಸಿ ಲೈಬ್ರರಿಯ ಟರ್ಮಿಯೋಸ್ (ಟರ್ಮಿನಲ್ ಮತ್ತು ಸೀರಿಯಲ್ ಪೋರ್ಟ್ ನಿಯಂತ್ರಣದ) ಹೆಡರ್ ಅನ್ನೂ ಒಂದೇ ಫೈಲಿನಲ್ಲಿ ಇನ್‌ಕ್ಲೂಡ್ ಮಾಡಿದರೆ ಒಂದೇ ಹೆಸರಿನ ಎರಡು ಸ್ಟ್ರಕ್ಚರ್‌ಗಳು ಡಿಕ್ಕಿ ಹೊಡೆಯುತ್ತವೆ. ಎಷ್ಟೋ ಮಂದಿ ಇಲ್ಲಿ ಲೈಬ್ರರಿಯ ಹೆಡರ್ ಅನ್ನು ತೆಗೆದುಹಾಕಿ, ಬೇಕಾದ ಫಂಕ್ಷನ್‌ಗಳನ್ನು ತಾವೇ ಡಿಕ್ಲೇರ್ ಮಾಡಿಕೊಂಡು ಮುಂದೆ ಸಾಗುತ್ತಾರೆ. ಎಕ್ಸ್86 ಲಿನಕ್ಸ್‌ನಲ್ಲಿ ಕರ್ನಲ್‌ನ ಆ ಸ್ಟ್ರಕ್ಚರ್ 36 ಬೈಟ್, ಲಿನಕ್ಸ್‌ನಲ್ಲಿ ವ್ಯಾಪಕವಾಗಿ ಬಳಸುವ ಸಿ ಲೈಬ್ರರಿಯಾದ ಜಿಲಿಬ್‌ಸಿಯದು 60 ಬೈಟ್. ಮೊದಲನೆಯದರಲ್ಲಿ ನಿಯಂತ್ರಣ ಅಕ್ಷರಗಳಿಗೆ 19 ಸ್ಥಾನಗಳಿದ್ದರೆ ಎರಡನೆಯದರಲ್ಲಿ 32 ಇವೆ. ಪ್ರೋಗ್ರಾಂ 36 ಬೈಟ್ ಜಾಗ ಕೊಟ್ಟು ಲೈಬ್ರರಿಯ ಫಂಕ್ಷನ್ ಅನ್ನು ಕರೆದಾಗ, ಅದು ತನ್ನ ಲೆಕ್ಕದ 60 ಬೈಟ್‌ಗಳ ಉದ್ದಕ್ಕೂ ಬರೆಯುತ್ತದೆ, ಪಕ್ಕದಲ್ಲಿದ್ದ ವೇರಿಯಬಲ್‌ಗಳು ಅಳಿಸಿಹೋಗುತ್ತವೆ. ಕಂಪೈಲರ್ ನೀಡಿದ್ದ ಡಿಕ್ಕಿಯ ಎಚ್ಚರಿಕೆಯೇ ಅಲ್ಲಿದ್ದ ಏಕೈಕ ಕಾವಲು. ಅದನ್ನು ಬಾಯಿ ಮುಚ್ಚಿಸುವುದನ್ನು ಪರಿಹಾರವೆಂದು ಕರೆಯುವುದನ್ನು ನಾನು ಒಪ್ಪಲಾರೆ.

ಸಮಯದ ಲೆಕ್ಕದಲ್ಲೂ ಹೀಗೆಯೇ. ಎಕ್ಸ್86ನ ಕರ್ನಲ್ ಗಡಿಯಾರ 2.4ರಲ್ಲಿ ಸೆಕೆಂಡಿಗೆ 100 ಬಾರಿ ಮಿಡಿಯುತ್ತಿತ್ತು, 2.6ರಲ್ಲಿ 1000 ಆಯಿತು, 2.6.13ರಲ್ಲಿ 250 ಎಂಬುದು ಡೀಫಾಲ್ಟ್ ಆಯಿತು. ಹೊರಗಿನ ಪ್ರೋಗ್ರಾಂಗಳಿಗೆ ಕರ್ನಲ್ ಇದನ್ನು 100ರ ಅಳತೆಗೆ ಇಳಿಸಿಯೇ ತೋರಿಸುತ್ತದೆ. 1000 ಎಂಬ ಒಳಗಿನ ಸಂಖ್ಯೆಯನ್ನು ನೆಚ್ಚಿದ ಪ್ರೋಗ್ರಾಂ ಪ್ರೊಸೆಸ್ ಬಳಸಿದ ಸಮಯವನ್ನು ಹತ್ತರಲ್ಲೊಂದು ಪಾಲು ಎಂದು ತೋರಿಸುತ್ತದೆ. ಮೆಮೊರಿ ಪುಟದ (ಮೆಮೊರಿಯನ್ನು ಹಂಚುವ ತುಂಡಿನ) ಗಾತ್ರವನ್ನು 4096 ಬೈಟ್ ಎಂದು ಹೆಡರ್‌ನಿಂದ ತೆಗೆದುಕೊಂಡ ಪ್ರೋಗ್ರಾಂ, 64-ಬಿಟ್ ಆರ್ಮ್ ಯಂತ್ರದಲ್ಲಿ 16 ಅಥವಾ 64 ಕಿಲೋಬೈಟ್ ಪುಟಗಳು ಎದುರಾದಾಗ ಮುರಿಯುತ್ತದೆ. ಎರಡನ್ನೂ ಓಡುವ ಹೊತ್ತಿನಲ್ಲಿ ಸಿಸ್‌ಕಾನ್ಫ್ ಎಂಬ ಫಂಕ್ಷನ್‌ನಿಂದ ಕೇಳಿ ತಿಳಿಯಬಹುದು.

ಇದಕ್ಕೆಲ್ಲ ಪ್ರೋಗ್ರಾಂ ಬರೆಯುವವರನ್ನೇ ದೂರುವುದು ನ್ಯಾಯವಲ್ಲ. ಹಿಂದೆ ಸಿಸ್ಟಮ್‌ನ ಇನ್‌ಕ್ಲೂಡ್ ಡೈರೆಕ್ಟರಿಯನ್ನೇ ಕರ್ನಲ್ ಸೋರ್ಸ್‌ಗೆ ಸಿಮ್‌ಲಿಂಕ್ (ಬೇರೆ ಜಾಗಕ್ಕೆ ಕೈತೋರುವ ಕೊಂಡಿ) ಮಾಡುವ ಪದ್ಧತಿ ವ್ಯಾಪಕವಾಗಿತ್ತು. ಅದು ತಪ್ಪೆಂದು ಟೊರ್ವಾಲ್ಡ್ಸ್ 2000ದಲ್ಲೇ ಹೇಳಿದ್ದರು. ಹೊರಗೆ ಕೊಡಬಹುದಾದ ಭಾಗಗಳನ್ನು ಮಾತ್ರ ಸೋಸಿ ಇನ್‌ಸ್ಟಾಲ್ ಮಾಡುವ ವ್ಯವಸ್ಥೆ ಬಂದದ್ದು 2006ರ 2.6.18ರಲ್ಲಿ. ಅಂತಹ ಹೆಡರ್‌ಗಳನ್ನು ಪ್ರತ್ಯೇಕ ಡೈರೆಕ್ಟರಿಗೆ ಬೇರ್ಪಡಿಸಿದ್ದು 2012ರ 3.7ರಲ್ಲಿ, ಕರ್ನಲ್ ಡೆವಲಪರ್ ಡೇವಿಡ್ ಹೊವೆಲ್ಸ್ ಅವರ ಶ್ರಮದಿಂದ. ಲೈಬ್ರರಿಯ ಕಡೆಯೂ ವಿಳಂಬವಿದೆ. ಥ್ರೆಡ್‌ನ ಗುರುತಿನ ಸಂಖ್ಯೆ ಕೊಡುವ ಸಿಸ್ಟಮ್ ಕಾಲ್ 2.4ರ ಕಾಲದಿಂದಲೇ ಇದ್ದರೂ, ಅದನ್ನು ಕರೆಯುವ ಫಂಕ್ಷನ್ ಜಿಲಿಬ್‌ಸಿಗೆ ಸೇರಿದ್ದು 2019ರ 2.30ರಲ್ಲಿ. ಇಷ್ಟು ಕಾಲ ಬಾಗಿಲು ಮುಚ್ಚಿದ್ದರೆ ಜನ ಕಿಟಕಿಯಿಂದ ಇಳಿಯುವುದು ಸಹಜ.

ಸೋಸಿದ ಹೆಡರ್‌ಗಳನ್ನೂ ಕಣ್ಣುಮುಚ್ಚಿ ಬಳಸುವಂತಿಲ್ಲ. 2022ರಲ್ಲಿ ಜಿಲಿಬ್‌ಸಿ 2.36 ಬಂದಾಗ, ಅದರ ಮೌಂಟ್ ಹೆಡರ್‌ಗೂ ಕರ್ನಲ್ ಕೊಡುವ ಮೌಂಟ್ ಹೆಡರ್‌ಗೂ ಘರ್ಷಣೆಯಾಗಿ ಹಲವು ಪ್ರಾಜೆಕ್ಟ್‌ಗಳ ಬಿಲ್ಡ್ ನಿಂತುಹೋಯಿತು. ಲಿನಕ್ಸ್‌ನ ಆಚೆ ಗಡಿ ಇನ್ನೂ ಬಿಗಿ. ಮ್ಯಾಕ್‌ಓಎಸ್‌ನಲ್ಲಿ ಗೋ ಭಾಷೆಯ ಪ್ರೋಗ್ರಾಂಗಳು ಲೈಬ್ರರಿಯನ್ನು ಬದಿಗಿಟ್ಟು ನೇರವಾಗಿ ಕರ್ನಲ್ ಅನ್ನು ಕರೆಯುತ್ತಿದ್ದವು. 2016ರಲ್ಲಿ ಸಿಯೆರಾ ಆವೃತ್ತಿ ಸಮಯ ಕೇಳುವ ಸಿಸ್ಟಮ್ ಕಾಲ್‌ನ ಒಳವಿನ್ಯಾಸವನ್ನು ಬದಲಿಸಿದಾಗ ಅವು ಕುಸಿದುಬಿದ್ದವು. ಕೊನೆಗೆ 2018ರ ಗೋ 1.11ರಿಂದ ಆರಂಭಿಸಿ ಗೋ ತಂಡದವರೂ ಸಿಸ್ಟಮ್ ಲೈಬ್ರರಿಯ ಮೂಲಕವೇ ಹೋಗಬೇಕಾಯಿತು.

ಹಾಗಾದರೆ ಕರ್ನಲ್‌ನ ಐಓಕಂಟ್ರೋಲ್ (ioctl, ಸಾಧನಗಳಿಗೆ ಆದೇಶ ಕೊಡುವ ಕರೆ) ಒಂದು ನಿಜಕ್ಕೂ ಬೇಕಾದಾಗ ಮಾಡುವುದೇನು? ಮೊದಲು ಲೈಬ್ರರಿಯಲ್ಲಿ ಹುಡುಕಬೇಕು. ಅಟಾಮಿಕ್ ಎಣಿಕೆಗೆ ಈಗ ಸಿ11 ಮಾನಕದಲ್ಲೇ ಸೌಲಭ್ಯವಿದೆ. ಲೈಬ್ರರಿಯಲ್ಲಿ ಇಲ್ಲದಿದ್ದರೆ ಲಿನಕ್ಸ್ ವಿತರಣೆಯವರು ಇನ್‌ಸ್ಟಾಲ್ ಮಾಡಿಕೊಟ್ಟ, ಸೋಸಿದ ಹೆಡರ್ ಅನ್ನೇ ಬಳಸಬೇಕು, ಕರ್ನಲ್ ಸೋರ್ಸ್‌ನ ದಾರಿಯನ್ನು ಬಿಲ್ಡ್ ಫೈಲಿನಲ್ಲಿ ಕೊಡಬಾರದು. ಆ ಹೆಡರ್ ಅನ್ನು ಇನ್‌ಕ್ಲೂಡ್ ಮಾಡುವ ಸಿ ಫೈಲ್ ಒಂದೇ ಇರಲಿ, ಅದರಲ್ಲಿ ಲೈಬ್ರರಿಯ ಎದುರಾಳಿ ಹೆಡರ್ ಇಲ್ಲದಿರಲಿ, ಮತ್ತು ಉಳಿದ ಪ್ರೋಗ್ರಾಂಗೆ ಕರ್ನಲ್‌ನ ಸ್ಟ್ರಕ್ಚರ್ ಕಾಣದಂತೆ ಇಂಟಿಜರ್ ಮತ್ತು (ತೆರೆದ ಫೈಲನ್ನು ಸೂಚಿಸುವ ಸಂಖ್ಯೆಗಳಾದ) ಫೈಲ್ ಡಿಸ್ಕ್ರಿಪ್ಟರ್‌ಗಳನ್ನಷ್ಟೇ ದಾಟಿಸುವ ಪುಟ್ಟ ಫಂಕ್ಷನ್ ಒಂದನ್ನು ಅದು ಒದಗಿಸಲಿ. ಬಾಡ್ ದರದ ಸಮಸ್ಯೆ ಈ ಬಗೆಯಲ್ಲಿ ಕೆಲವೇ ಸಾಲುಗಳಲ್ಲಿ ಬಗೆಹರಿಯುತ್ತದೆ, ಹೊಸ ಜಿಲಿಬ್‌ಸಿಯಂತೆ ಲೈಬ್ರರಿಯೇ ಆ ಸೌಲಭ್ಯ ಕೊಟ್ಟಾಗ ಬದಲಿಸಬೇಕಾದದ್ದೂ ಆ ಒಂದು ಫೈಲನ್ನು ಮಾತ್ರ.