ಐವತ್ತರ ಮುಖಕ್ಕೆ ಎಷ್ಟು ಬಣ್ಣ ಬೇಕು?

ಊರಿನಿಂದ ವಾಟ್ಸಾಪಿಗೆ ಮದುವೆಯ ಫೋಟೋಗಳು ಬಂದಾಗ ನಾನು ಮೊದಲು ಹುಡುಕುವುದು ವಧುವಿನ ತಾಯಿಯನ್ನು, ಅತ್ತೆಯಂದಿರನ್ನು, ಚಿಕ್ಕಮ್ಮ ದೊಡ್ಡಮ್ಮಂದಿರನ್ನು. ಮುಖ ಒಂದು ಬಣ್ಣ, ಕತ್ತು ಇನ್ನೊಂದು, ಅಕ್ಷತೆ ಹಿಡಿದ ಕೈ ಮೂರನೆಯದು. ಚಿಕ್ಕಂದಿನಿಂದ ನೋಡಿ ಬೆಳೆದ ಲಕ್ಷಣವಾದ ಮುಖಗಳು ಅವು, ಆದರೆ ಫೋಟೋದಲ್ಲಿ ಯಾರೂ ತಮ್ಮಂತೆ ತಾವು ಕಾಣುವುದಿಲ್ಲ. ಮುಹೂರ್ತದ ದಿನ ನಸುಕಿನಲ್ಲೇ ಪಾರ್ಲರಿನವರು ಬಂದು, ವಧುವಿಗೆ ತಂದ ಡಬ್ಬಿಯಿಂದಲೇ ಉಳಿದವರಿಗೂ ಬಳಿದು, ಮೇಲೆ ಪೌಡರು ಒತ್ತಿ ಹೋಗಿರುತ್ತಾರೆ. ನನಗೆ ಇದು ನಿಜಕ್ಕೂ ಬೇಸರ ತರಿಸುತ್ತದೆ. ನಲವತ್ತೈದು ದಾಟಿದ ಮೇಲೆ ಅಲಂಕಾರವೇ ಬೇಡ ಎನ್ನುವವಳಲ್ಲ ನಾನು. ಇಡೀ ಮುಖಕ್ಕೆ ಬೇಡ, ಬೇಕಾದ ಕಡೆ ಮಾತ್ರ ಸಾಕು, ಹಚ್ಚುವ ಬಣ್ಣ ನಮ್ಮ ಮೈಬಣ್ಣಕ್ಕೆ ಸೇರಿದ್ದಾಗಿರಬೇಕು ಎಂಬುದಷ್ಟೇ ನನ್ನ ವಾದ.

ಸಾಗರದ ಕಡೆಯವಳಾದ ನಾನು ಬಹಳ ವರ್ಷಗಳಿಂದ ಜರ್ಮನಿಯ ಹ್ಯಾಂಬರ್ಗಿನಲ್ಲಿದ್ದೇನೆ. ನಿವಿಯಾ ಕ್ರೀಮು ಹುಟ್ಟಿದ ಊರು ಇದು. 1911ರಲ್ಲಿ ಶುರುವಾದ ಆ ಕ್ರೀಮಿನ ನೀಲಿ ಡಬ್ಬಿ ನಮ್ಮ ಮಲೆನಾಡಿನ ಚಳಿಗಾಲದಲ್ಲೂ ಅಡುಗೆಮನೆಯ ಕಿಟಕಿಯ ಮೇಲೆ ಇರುತ್ತಿತ್ತು. ಇಲ್ಲಿ ನನ್ನ ಕಚೇರಿಯ ಸಹೋದ್ಯೋಗಿಗಳಲ್ಲಿ ನನ್ನ ವಯಸ್ಸಿನ ಹೆಂಗಸರು ಗಾಳಿ ಮಳೆಯಲ್ಲಿ ಸೈಕಲ್ ತುಳಿದುಕೊಂಡು ಬರುತ್ತಾರೆ. ಬೆಳ್ಳಗಾದ ಕೂದಲನ್ನು ಬೆಳ್ಳಗೇ ಬಿಟ್ಟು ಗಿಡ್ಡವಾಗಿ ಕತ್ತರಿಸಿಕೊಂಡಿರುತ್ತಾರೆ. ಮುಖಕ್ಕೆ ಕ್ರೀಮು, ರೆಪ್ಪೆಗೆ ಒಂದಿಷ್ಟು ಮಸ್ಕಾರಾ, ಹಲವರಿಗೆ ಅದೂ ಇಲ್ಲ. ಕಣ್ಣಿನ ಅಂಚಿನ ಗೆರೆಗಳನ್ನು ಮುಚ್ಚುವ ಪ್ರಯತ್ನವನ್ನೇ ಅವರು ಮಾಡುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಒಬ್ಬರ ಮುಖದ ಬಗ್ಗೆ ಇನ್ನೊಬ್ಬರು ಮಾತೆತ್ತುವುದಿಲ್ಲ. ಊರಿಗೆ ಹೋದರೆ ಚಪ್ಪಲಿ ಬಿಡುವ ಮೊದಲೇ ಅತ್ತಿಗೆ ಕೇಳುತ್ತಾರೆ: "ಯಾಕೆ ಇಷ್ಟು ಕಳೆಗುಂದಿದ್ದೀಯೆ? ಸ್ವಲ್ಪ ಪೌಡರ್ ಆದರೂ ಹಚ್ಚಿಕೊಳ್ಳಬಾರದೇನೆ?" ಅವರ ಮಾತಿನಲ್ಲಿರುವುದು ಅಕ್ಕರೆಯೇ. ಆದರೆ ಇಂಥ ಅಕ್ಕರೆಯನ್ನು ದಿನವೂ ಕೇಳಿಸಿಕೊಳ್ಳುವ ಹೆಂಗಸು ಕೊನೆಗೆ ಮುಖ ಮುಚ್ಚಿಕೊಳ್ಳಲು ಡಬ್ಬಿ ಹುಡುಕುತ್ತಾಳೆ. ಗೆರೆಗಳನ್ನು ಅವುಗಳ ಪಾಡಿಗೆ ಬಿಡುವುದನ್ನು ನಾವು ಈ ಊರಿನವರಿಂದ ಖಂಡಿತ ಕಲಿಯಬಹುದು.

ಹಾಗೆಂದು ಜರ್ಮನ್ ಹೆಂಗಸರ ಬರಿಮುಖವನ್ನೇ ನಾವೂ ತಂದುಕೊಳ್ಳಬೇಕು ಎನ್ನುವ ಕೆಲವು ಕನ್ನಡದ ಗೆಳತಿಯರ ಮಾತು ನನಗೆ ಒಪ್ಪಿಗೆಯಿಲ್ಲ. ಇಲ್ಲಿನ ಉಡುಪು ಕಪ್ಪು, ಬೂದು, ಕಡುನೀಲಿ. ಆ ಬಣ್ಣಗಳ ಮೇಲೆ ಬರಿಮುಖ ನಿಲ್ಲುತ್ತದೆ. ಕೆಂಪು ಸೆರಗಿನ ಇಳಕಲ್ ಸೀರೆಯೋ ಜರಿಯಂಚಿನ ಮೈಸೂರು ರೇಷ್ಮೆಯೋ ಉಟ್ಟಾಗ, ಕಿವಿಯಲ್ಲಿ ಚಿನ್ನ, ಮುಡಿಯಲ್ಲಿ ಮಲ್ಲಿಗೆ ಇದ್ದಾಗ, ಕಣ್ಣಿಗೂ ತುಟಿಗೂ ಏನೂ ಇಲ್ಲದಿದ್ದರೆ ಸೀರೆ ಮಾತ್ರ ಕಾಣುತ್ತದೆ, ಉಟ್ಟವಳು ಕಾಣುವುದಿಲ್ಲ. ನಮ್ಮ ಅಜ್ಜಿಯಂದಿರು ಇದನ್ನು ಅರಿತಿದ್ದರು. ಅವರು ಮುಖವಿಡೀ ಏನನ್ನೂ ಬಳಿಯಲಿಲ್ಲ. ಕಣ್ಣಿಗೆ ಕಾಡಿಗೆ, ಹಣೆಗೆ ಕುಂಕುಮ, ತಲೆಗೆ ಹೂ, ತುಟಿಗೆ ಎಲೆಯಡಿಕೆಯ ಕೆಂಪು, ಇಷ್ಟೇ. ನಡುವೆ ಇರುವ ಚರ್ಮ ಎಣ್ಣೆ ನೀರು ಕಂಡು ತನ್ನ ಪಾಡಿಗೆ ತಾನಿರುತ್ತಿತ್ತು. ಮುಖಕ್ಕೆಲ್ಲ ಪೌಡರು ಬಳಿಯುವ ರೂಢಿ ಆಮೇಲಿನದು. ಬೆಳ್ಳಗಾಗುವ ಕ್ರೀಮಿನ ಜಾಹೀರಾತುಗಳೂ ಆಮೇಲೆ ಬಂದವು: 1975ರಲ್ಲಿ ಮಾರುಕಟ್ಟೆಗೆ ಬಂದ ಫೇರ್ ಅಂಡ್ ಲವ್ಲಿ ತನ್ನ ಹೆಸರಿನಿಂದ 'ಫೇರ್' ಎಂಬುದನ್ನು ಕೈಬಿಟ್ಟದ್ದು 2020ರಲ್ಲಿ. ಹೆಸರು ಹೋದರೂ ನಮ್ಮ ಪಾರ್ಲರುಗಳ ಕೈಯಿಂದ ಆ ಅಭ್ಯಾಸ ಹೋಗಿಲ್ಲ.

ಈ ವಯಸ್ಸಿನಲ್ಲಿ ಪೌಡರು ಯಾಕೆ ಕೂಡುವುದಿಲ್ಲ ಎಂಬುದಕ್ಕೆ ದೇಹದಲ್ಲೇ ಕಾರಣವಿದೆ. ಮುಟ್ಟು ನಿಲ್ಲುವ ಹೊತ್ತಿಗೆ ಈಸ್ಟ್ರೋಜನ್ ಎಂಬ ಹೆಣ್ಣು ಹಾರ್ಮೋನು ಇಳಿಯುತ್ತದೆ. ಮುಟ್ಟು ನಿಂತ ಮೊದಲ ಐದು ವರ್ಷಗಳಲ್ಲಿ ಚರ್ಮವನ್ನು ಬಿಗಿಯಾಗಿ ಹಿಡಿದಿಡುವ ಕೊಲಾಜನ್ ಎಂಬ ಪ್ರೋಟೀನು ಶೇಕಡ 30ರಷ್ಟು ಕಡಿಮೆಯಾಗುತ್ತದೆ ಎಂದು ಚರ್ಮವೈದ್ಯರು ಹೇಳುತ್ತಾರೆ. ಚರ್ಮ ತೆಳುವಾಗುತ್ತದೆ, ಒಣಗುತ್ತದೆ, ಎಣ್ಣೆಯ ಗ್ರಂಥಿಗಳು ಮೊದಲಿನಷ್ಟು ಕೆಲಸ ಮಾಡುವುದಿಲ್ಲ. ಇಪ್ಪತ್ತರ ಮುಖದಲ್ಲಿ ಮೇಲುಗಡೆಯ ಎಣ್ಣೆಯನ್ನು ಹೀರುತ್ತಿದ್ದ ಪೌಡರು ಐವತ್ತರಲ್ಲಿ ಇರುವ ಅಲ್ಪ ತೇವವನ್ನೂ ಹೀರಿ ಗೆರೆಗಳೊಳಗೆ ಕೂರುತ್ತದೆ. ಯಾವ ಗೆರೆಯನ್ನು ಅಡಗಿಸಲು ಹೊರಟೆವೋ ಅದನ್ನೇ ಎತ್ತಿ ತೋರಿಸುತ್ತದೆ. ಆದ್ದರಿಂದ ಈ ವಯಸ್ಸಿಗೆ ಒಣ ಪುಡಿಗಿಂತ ಕ್ರೀಮಿನ ರೂಪದ್ದೇ ಒಳ್ಳೆಯದು, ಅದನ್ನು ಬ್ರಷ್ಷಿಗಿಂತ ಬೆರಳಿನಿಂದ ತಟ್ಟುವುದು ಒಳ್ಳೆಯದು. ಮುಖ ತೊಳೆದು, ನೀರಿನ ಪಸೆ ಇರುವಾಗಲೇ ತೇವಾಂಶದ ಕ್ರೀಮು ಹಚ್ಚಿ, ಅದು ಇಂಗುವ ತನಕ ಕಾಯಬೇಕು. ಈ ಕಾಯುವ ಕೆಲಸವನ್ನು ಬಿಟ್ಟರೆ ಮೇಲೆ ಹಚ್ಚಿದ್ದೆಲ್ಲ ಉಂಡೆಯಾಗಿ ಉದುರುತ್ತದೆ.

ಇನ್ನು ಬಣ್ಣ ಹೊಂದಿಸುವ ಮಾತು. ಇಲ್ಲಿನ ದೊಡ್ಡ ಅಂಗಡಿಗಳಲ್ಲಿ ಫೌಂಡೇಶನ್, ಅಂದರೆ ಮುಖಕ್ಕೆಲ್ಲ ಹಚ್ಚುವ ಮೈಬಣ್ಣದ ಲೇಪ, ಕೊಳ್ಳಲು ಹೋದರೆ ಅಂಗಡಿಯಾಕೆ ದವಡೆಯಂಚಿನಲ್ಲಿ ಒಂದು ಗೆರೆ ಎಳೆದು ನೋಡುತ್ತಾಳೆ. ಮುಖವೆಲ್ಲ ಹೆಚ್ಚು ಕಡಿಮೆ ಒಂದೇ ಬಣ್ಣವಿರುವವರಿಗೆ ಅದು ಸರಿ. ನಮ್ಮ ಮುಖ ಹಾಗಿಲ್ಲ. ಹಣೆ ಕೆನ್ನೆಗಿಂತ ಕಪ್ಪು, ಬಾಯಿಯ ಸುತ್ತ ಇನ್ನಷ್ಟು ಕಪ್ಪು, ಕಣ್ಣಿನ ಕೆಳಗೆ ನೀಲಿ ಬೆರೆತ ಕಂದು, ಹಲವರಿಗೆ ಕೆನ್ನೆಯ ಮೇಲೆ ಬಂಗು. ಇಷ್ಟು ಬಣ್ಣಗಳಿರುವ ಮುಖಕ್ಕೆ ಒಂದೇ ಬಣ್ಣವನ್ನು ಅಂಚಿನಿಂದ ಅಂಚಿಗೆ ಬಳಿದರೆ, ಅದು ಎಷ್ಟೇ ದುಬಾರಿಯದ್ದಾಗಿರಲಿ, ಮುಖವಾಡವೇ ಆಗುತ್ತದೆ. ನಮಗೆ ಸಹಜ ಎಂದರೆ ಈ ಏರಿಳಿತವನ್ನು ಉಳಿಸಿಕೊಳ್ಳುವುದು. ಕಣ್ಣಿನ ಕೆಳಗೆ ಕಪ್ಪಿರುವಲ್ಲಿ ಮೊದಲು ತೆಳುವಾಗಿ ಕಿತ್ತಳೆ ಛಾಯೆಯ ಕ್ರೀಮು. ನೀಲಿಯ ಎದುರು ಬಣ್ಣ ಕಿತ್ತಳೆಯಾದ್ದರಿಂದ ಅದು ಕಪ್ಪನ್ನು ಅರ್ಧಕ್ಕರ್ಧ ಮುರಿಯುತ್ತದೆ. ಅದರ ಮೇಲೆ ಕಲೆ ಮುಚ್ಚುವ ಮೈಬಣ್ಣದ ಕನ್ಸೀಲರ್ ಒಂದು ಚುಕ್ಕೆ, ಅದೂ ಮೂಗಿನ ಪಕ್ಕದ ಗುಳಿಯಲ್ಲಿ ಮಾತ್ರ, ನಗುವಾಗ ಮಡಿಯುವ ಕಡೆ ಬೇಡ. ಮೂಗಿನ ಅಕ್ಕಪಕ್ಕ ಮತ್ತು ಬಾಯಿಯ ಮೂಲೆಯಲ್ಲಿ ಇನ್ನೊಂದೊಂದು ಚುಕ್ಕೆ. ಉಳಿದ ಚರ್ಮ ಚರ್ಮವಾಗಿಯೇ ಇರಲಿ.

ಕಂದು ಮೈಬಣ್ಣದವರಿಗೆ ಹೊಂದುವ ಛಾಯೆ ಈ ದೇಶದ ಸಾಮಾನ್ಯ ಅಂಗಡಿಗಳಲ್ಲಿ ಬಹಳ ಕಾಲ ಸಿಗುತ್ತಲೇ ಇರಲಿಲ್ಲ. ಸಿಕ್ಕರೂ ಗುಲಾಬಿ ತಳದ್ದು, ನಮ್ಮ ಹಳದಿ ಮಿಶ್ರಿತ ಕಂದಿನ ಮೇಲೆ ಬೂದುಬಣ್ಣಕ್ಕೆ ತಿರುಗುವಂಥದ್ದು. 2017ರಲ್ಲಿ ಗಾಯಕಿ ರಿಹಾನ್ನಾ ತಮ್ಮ ಫೆಂಟಿ ಬ್ಯೂಟಿಯನ್ನು 40 ಛಾಯೆಗಳೊಂದಿಗೆ ತಂದ ಮೇಲೆ ಉಳಿದ ಕಂಪನಿಗಳೂ ತಮ್ಮ ಸಾಲನ್ನು ಉದ್ದ ಮಾಡಿಕೊಂಡವು. ನಮ್ಮಂಥವರಿಗೆ ಅದರಿಂದ ದೊಡ್ಡ ಉಪಕಾರವಾಯಿತು.

ಬಿಸಿಲಿನ ವಿಷಯದಲ್ಲಿ ಎರಡೂ ಕಡೆಯವರು ಒಂದೊಂದು ತುದಿ ಹಿಡಿದಿದ್ದಾರೆ. ಡಿಸೆಂಬರಿನಲ್ಲಿ ಸಂಜೆ ನಾಲ್ಕಕ್ಕೇ ಕತ್ತಲಾಗುವ ಈ ಊರಿನಲ್ಲಿ ವಸಂತದ ಮೊದಲ ಬಿಸಿಲು ಬಿದ್ದರೆ ಸಾಕು, ಆಲ್ಸ್ಟರ್ ಸರೋವರದ ದಡದ ತುಂಬ ಜನ ಮುಖವನ್ನು ಸೂರ್ಯನಿಗೆ ಕೊಟ್ಟು ಕೂರುತ್ತಾರೆ. ಅಂಗಡಿಯ ಕಪಾಟಿನಲ್ಲಿ ಚರ್ಮವನ್ನು ಕಂದಾಗಿಸುವ ಲೋಷನ್ ಇರುತ್ತದೆ. ಅದೇ ಜಾಗದಲ್ಲಿ ನಮ್ಮೂರಿನ ಕಪಾಟು ಬಿಳುಪಿನ ಕ್ರೀಮು ಇಟ್ಟಿರುತ್ತದೆ. ಇರುವ ಬಣ್ಣ ಸಾಲದು ಎಂದು ಹೆಂಗಸರಿಗೆ ಹೇಳಿಕೊಡುವುದರಲ್ಲಿ ಎರಡು ಕಪಾಟುಗಳಿಗೂ ವ್ಯತ್ಯಾಸವಿಲ್ಲ. ಬಿಳುಪಿಗಾಗಿಯೂ ಅಲ್ಲ, ಕಂದಿಗಾಗಿಯೂ ಅಲ್ಲ, ಬಂಗು ಹೆಚ್ಚಾಗದಿರಲೆಂದು ಸನ್‌ಸ್ಕ್ರೀನ್ ಹಚ್ಚಬೇಕು. ಎಸ್‌ಪಿಎಫ್ (ಬಿಸಿಲು ತಡೆಯುವ ಶಕ್ತಿಯ ಅಂಕಿ) 30 ಇರುವುದು ಸುಡುವ ಅತಿನೇರಳೆ ಕಿರಣಗಳಲ್ಲಿ ಶೇಕಡ 97ನ್ನು ತಡೆಯುತ್ತದೆ, 50 ಇರುವುದು 98ನ್ನು. ಆದರೆ ಪರೀಕ್ಷೆಯಲ್ಲಿ ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಹಚ್ಚಿ ಈ ಅಂಕಿ ಪಡೆಯುತ್ತಾರೆ. ಎರಡು ಬೆರಳುಗಳ ಉದ್ದಕ್ಕೆ ಹಿಂಡಿದಷ್ಟು ಮುಖಕ್ಕೂ ಕತ್ತಿಗೂ ಬೇಕು, ನಾವು ಹಚ್ಚುವುದು ಕಡಲೆಕಾಳಿನಷ್ಟು. ಬಂಗು ಇರುವವರಿಗೆ ಕಣ್ಣಿಗೆ ಕಾಣುವ ಬೆಳಕೂ ತೊಂದರೆ ಕೊಡುತ್ತದೆ, ಅದನ್ನು ಬರಿಯ ಸನ್‌ಸ್ಕ್ರೀನ್ ಅಷ್ಟಾಗಿ ತಡೆಯುವುದಿಲ್ಲ. ಐರನ್ ಆಕ್ಸೈಡ್ ಎಂಬ ಬಣ್ಣದ ಪುಡಿ ಬೆರೆತ, ಮೈಬಣ್ಣದ ಸನ್‌ಸ್ಕ್ರೀನ್ ತಡೆಯುತ್ತದೆ. ಜೊತೆಗೆ ಅದು ಮುಖದ ಬಣ್ಣವನ್ನೂ ತುಸು ಹದಗೊಳಿಸುವುದರಿಂದ ಫೌಂಡೇಶನ್ನಿನ ಅಗತ್ಯವೇ ಬೀಳುವುದಿಲ್ಲ. ನನ್ನ ದಿನದ ಅಲಂಕಾರದಲ್ಲಿ ಯಾವುದನ್ನು ಬಿಟ್ಟರೂ ಇದನ್ನು ಬಿಡುವುದಿಲ್ಲ.

ಕಾಡಿಗೆಯ ವಿಷಯದಲ್ಲಿ ನನಗೆ ಅಭಿಮಾನ ಹೆಚ್ಚು. ಹೊನಗೊನೆ ಸೊಪ್ಪಿನ ರಸದಲ್ಲಿ ಅದ್ದಿ ಒಣಗಿಸಿದ ಬಟ್ಟೆಯ ಬತ್ತಿ, ಹರಳೆಣ್ಣೆಯ ದೀಪ, ಮೇಲೆ ಕವುಚಿದ ತಾಮ್ರದ ತಟ್ಟೆ, ಅದಕ್ಕೆ ಕಟ್ಟಿದ ಮಸಿ, ಕಲಸಲು ಬೆಣ್ಣೆ ಅಥವಾ ಹರಳೆಣ್ಣೆ: ಇದು ನಮ್ಮ ಮನೆಯ ಕಾಡಿಗೆ. ಆದರೆ ನಡುವಯಸ್ಸಿನ ಕಣ್ಣಿನ ಕೆಳಗಿನ ಅಂಚಿಗೆ ಕಾಡಿಗೆ ತುಂಬಿದರೆ ಕಣ್ಣು ಚಿಕ್ಕದಾಗಿ ಕಾಣುತ್ತದೆ, ಮಧ್ಯಾಹ್ನದ ಹೊತ್ತಿಗೆ ಕೆಳಗಿನ ಗೆರೆಗಳಿಗೆ ಇಳಿದು ಮುಖ ದಣಿದಂತಾಗುತ್ತದೆ. ಮೇಲಿನ ರೆಪ್ಪೆಯ ಬುಡಕ್ಕೆ ಮಾತ್ರ ಕಪ್ಪು, ಕೆಳಗೆ ಬೇಕೇ ಬೇಕೆಂದರೆ ಕಂದು ಪೆನ್ಸಿಲ್ಲಿನ ನಸು ಛಾಯೆ. ಚಾಳೀಸು ಬಂದವರಿಗೆ ಇದನ್ನು ಮಾಡಿಕೊಳ್ಳುವುದೇ ಕಷ್ಟ, ಏಕೆಂದರೆ ಕನ್ನಡಕ ತೆಗೆದರೆ ಸ್ವಂತ ರೆಪ್ಪೆ ಕಾಣುವುದಿಲ್ಲ, ಹಾಕಿದರೆ ಕೈ ಹೋಗುವುದಿಲ್ಲ. ದೊಡ್ಡದಾಗಿ ತೋರಿಸುವ ಕನ್ನಡಿಯೊಂದನ್ನು ಕಿಟಕಿಯ ಬಳಿ ಇಟ್ಟುಕೊಂಡರೆ ಈ ಪಾಡು ತಪ್ಪುತ್ತದೆ. ಓದುವ ಕನ್ನಡಕ ನಮ್ಮ ಕಣ್ಣನ್ನು ಎದುರಿನವರಿಗೂ ದೊಡ್ಡದಾಗಿ ತೋರಿಸುತ್ತದೆ ಎಂಬುದೂ ನೆನಪಿರಲಿ. ಹುಬ್ಬಿನ ಕೂದಲು ಈ ವಯಸ್ಸಿನಲ್ಲಿ ವಿರಳವಾಗುತ್ತದೆ. ಕಪ್ಪು ಬೇಡ, ಗಾಢ ಕಂದಿನಲ್ಲಿ ಖಾಲಿಯಿರುವ ಜಾಗವನ್ನಷ್ಟೇ ತುಂಬಿದರೆ ಮುಖಕ್ಕೆ ಚೌಕಟ್ಟು ಮರಳುತ್ತದೆ.

ತುಟಿಗೆ ಇಲ್ಲಿನವರು ಸಹಜವೆಂದು ಹಚ್ಚುವ ಮಾಸಲು ಗೋದಿಬಣ್ಣ ನಮ್ಮ ತುಟಿಯ ಜೀವವನ್ನೇ ತೆಗೆಯುತ್ತದೆ. ನಮಗೆ ಸಹಜ ಎಂದರೆ ಇಟ್ಟಿಗೆಯ ಕೆಂಪು, ಕಂದುಗುಲಾಬಿ, ನೇರಳೆ ಬೆರೆತ ಕೆಂಪು. ಎಲೆಯಡಿಕೆ ಮೆದ್ದ ಅರ್ಧ ಗಂಟೆಯ ಮೇಲೆ ತುಟಿಯಲ್ಲಿ ಉಳಿಯುವಷ್ಟು ಬಣ್ಣ ಸಾಕು. ಅದೇ ಲಿಪ್‌ಸ್ಟಿಕ್ಕನ್ನು ಬೆರಳಿಗೆ ಒರೆಸಿಕೊಂಡು ಕೆನ್ನೆಯ ಎಲುಬಿನ ಮೇಲುಭಾಗಕ್ಕೆ ತಟ್ಟಿದರೆ ಬೇರೆ ಬ್ಲಶ್ ಬೇಕಾಗುವುದಿಲ್ಲ. ಕೆನ್ನೆಯ ಗುಳಿಗೆ ಹಚ್ಚಿದರೆ ಇಳಿದ ಮುಖ ಇನ್ನೂ ಇಳಿದಂತೆ ತೋರುತ್ತದೆ.

ಹಣೆಯ ಬೊಟ್ಟಿನ ಬಗ್ಗೆ ಒಂದು ಮಾತನ್ನು ಹೇಳಲೇಬೇಕು. ವರ್ಷಗಟ್ಟಲೆ ಒಂದೇ ಜಾಗಕ್ಕೆ ಸ್ಟಿಕ್ಕರ್ ಅಂಟಿಸಿಕೊಂಡ ಎಷ್ಟೋ ಹೆಂಗಸರ ಹಣೆಯಲ್ಲಿ ಬಿಳಿಯ ಕಲೆ ಮೂಡಿರುತ್ತದೆ. ಕೆಲವು ಅಂಟುಗಳಲ್ಲಿರುವ ಪ್ಯಾರಾ ಟರ್ಷಿಯರಿ ಬ್ಯುಟೈಲ್ ಫೀನಾಲ್ ಎಂಬ ರಾಸಾಯನಿಕ ಬಣ್ಣ ತಯಾರಿಸುವ ಕೋಶಗಳನ್ನೇ ಕೆಡಿಸುತ್ತದೆ ಎಂಬುದು ಚರ್ಮವೈದ್ಯರಿಗೆ ಬಹಳ ಹಿಂದಿನಿಂದ ತಿಳಿದ ಸಂಗತಿ. ಕಲೆ ಕಂಡೊಡನೆ ಅದನ್ನು ಮುಚ್ಚಲು ಇನ್ನೂ ದೊಡ್ಡ ಸ್ಟಿಕ್ಕರ್ ಹುಡುಕುವವರನ್ನು ನೋಡಿದರೆ ಸಂಕಟವಾಗುತ್ತದೆ. ಮೊದಲು ಸ್ಟಿಕ್ಕರ್ ಬಿಟ್ಟು ವೈದ್ಯರಿಗೆ ತೋರಿಸಬೇಕು. ಹಾಗೆಯೇ ಹಣೆಯಂಚಿನಲ್ಲಿ, ಕಿವಿಯ ಮುಂದೆ ಕಪ್ಪು ಹರಡುತ್ತಿದ್ದರೆ ಅದು ಬಂಗೇ ಎಂದು ಕೂರಬಾರದು. ಕೂದಲಿನ ಬಣ್ಣದಲ್ಲಿರುವ ಪಿಪಿಡಿ ಎಂಬ ವಸ್ತುವಿಗೆ ಚರ್ಮ ಒಗ್ಗದಿದ್ದರೂ ಹೀಗಾಗುತ್ತದೆ. ಕಾರಣವನ್ನು ಹಾಗೆಯೇ ಬಿಟ್ಟು ಮೇಲೆ ಕನ್ಸೀಲರ್ ಬಳಿಯುತ್ತಾ ಹೋದರೆ ಪ್ರಯೋಜನವಿಲ್ಲ.

ಕೊಳ್ಳುವ ರೀತಿಯಲ್ಲೂ ನಮ್ಮೂರು ಬದಲಾಗಬೇಕು. ಇಲ್ಲಿನ ಬುಡ್ನಿಯಂಥ ಸಾಧಾರಣ ಅಂಗಡಿಯಲ್ಲೂ ಹಚ್ಚಿ ನೋಡಲು ತೆರೆದ ಮಾದರಿಗಳಿರುತ್ತವೆ, ಪಕ್ಕದಲ್ಲಿ ಕನ್ನಡಿ ಇರುತ್ತದೆ, ಯಾರೂ ಆತುರಪಡಿಸುವುದಿಲ್ಲ. ನಮ್ಮ ಸಣ್ಣ ಊರುಗಳ ಫ್ಯಾನ್ಸಿ ಸ್ಟೋರುಗಳಲ್ಲಿ ಸರಕು ಗಾಜಿನ ಹಿಂದೆ. ಕೇಳಿದರೆ ಕೈಗೆ ಬರುವುದು ನಮ್ಮ ಬಣ್ಣಕ್ಕಿಂತ ಒಂದೆರಡು ಛಾಯೆ ತಿಳಿಯಾದದ್ದು, ಜೊತೆಗೆ "ಇದು ಹಾಕಿದರೆ ಬೆಳ್ಳಗೆ ಕಾಣುತ್ತೀರಿ ಆಂಟಿ" ಎಂಬ ಶಿಫಾರಸು. ಸಂಕೋಚವಿಲ್ಲದೆ ಮಾದರಿ ಕೇಳಿ. ಕತ್ತಿನ ಬದಿಗೆ ಹಚ್ಚಿಕೊಂಡು ಅಂಗಡಿಯ ಟ್ಯೂಬ್‌ಲೈಟಿನಿಂದ ಹೊರಗೆ, ಹಗಲ ಬೆಳಕಿಗೆ ಬಂದು ನೋಡಿ. ಹಚ್ಚಿದ ಬಣ್ಣ ಗಾಳಿಗೆ ತುಸು ಗಾಢವಾಗುವುದರಿಂದ ಹತ್ತು ನಿಮಿಷ ಬಿಟ್ಟು ಇನ್ನೊಮ್ಮೆ ನೋಡಿ. ಹಚ್ಚಿದ ಜಾಗ ಎಲ್ಲಿ ಎಂದು ಹುಡುಕಬೇಕಾದರೆ ಆ ಡಬ್ಬಿಗೆ ದುಡ್ಡು ಕೊಡಿ, ಇಲ್ಲದಿದ್ದರೆ ವಾಪಸ್ ಕೊಟ್ಟು ಇನ್ನೊಂದನ್ನು ತೆಗೆಸಿ.