ಆಯ್ತು ಅಂದ್ರೆ ಆಯ್ತಾ?

ಮ್ಯಾಡ್ರಿಡ್‌ನಲ್ಲಿ ಪ್ಲಂಬರ್ ಸಿಗುವುದು ಕಷ್ಟವಲ್ಲ. ಸಿಕ್ಕ ಪ್ಲಂಬರ್ ಬಾಯಲ್ಲಿ ಕೆಲಸ ಮುಗಿಯುವುದೂ ಕಷ್ಟವಲ್ಲ. ಮುಗಿಯದೆ ಉಳಿದಿರುವುದು ನಮ್ಮ ಅಡುಗೆಮನೆ ಸಿಂಕಿನ ಕೆಳಗಿನ ಪೈಪು ಮಾತ್ರ. ಇವತ್ತು ಬೆಳಿಗ್ಗೆ ಆತ ಮತ್ತೆ ಬಂದಿದ್ದ. "ಯಾ ಎಸ್ತಾ, ಸೆನ್ಯೋರಾ" ಅಂತ ಹೇಳಿ ಹೋದ. ಆಯ್ತು ಮೇಡಂ, ಅಂತ. ಏನು ಆಯ್ತು, ಎಲ್ಲಿ ಆಯ್ತು ಅಂತ ಕೇಳುವಷ್ಟರಲ್ಲಿ ಲಿಫ್ಟ್ ಇಳಿದಾಗಿತ್ತು. ಕೋಪ ಇಳಿಯುವ ಮೊದಲೇ ಬರೆದುಬಿಡೋಣ ಅಂತ ಕೂತಿದ್ದೇನೆ.

ನನ್ನ ಗ್ರಹಚಾರ ನೋಡಿ, ಸಂಜೆಯ ಸ್ಪ್ಯಾನಿಷ್ ಕ್ಲಾಸಿನಲ್ಲಿ ಈಗ ನಡೆಯುತ್ತಿರುವ ಪಾಠವೂ ಇದೇ. ಕೆಲಸ ಮುಗಿಯಿತು ಅಂತ ಹೇಳುವುದು ಹೇಗೆ? ಈಗಷ್ಟೇ ಮುಗಿದದ್ದಕ್ಕೆ 'ಅಕಾಬಾರ್ ದೆ' ಅಂತ ಒಂದಿದೆ. 'ಅಕಾಬೊ ದೆ ಕೊಮೆರ್' ಅಂದರೆ ಈಗ ತಾನೇ ಉಂಡೆ. ಅದಕ್ಕೊಂದು 'ನೊ' ಸೇರಿಸಿ 'ನೊ ಅಕಾಬೊ ದೆ ಎಂತೆಂದೆರ್' ಅಂದರೆ ಏನಾಗಬೇಕು? ಈಗ ತಾನೇ ಅರ್ಥವಾಗಲಿಲ್ಲ ಅಂತ ತಾನೇ? ಅಲ್ಲವಂತೆ. ಎಷ್ಟು ತಲೆ ಕೆಡಿಸಿಕೊಂಡರೂ ಪೂರ್ತಿ ಅರ್ಥವಾಗ್ತಿಲ್ಲ ಅಂತ. ಈ ಕೋರ್ಸಿನಲ್ಲಿ ನನಗೆ ಜಾಸ್ತಿ ಉಪಯೋಗಕ್ಕೆ ಬಂದಿರುವ ವಾಕ್ಯ ಇದು. ಇನ್ನು ಸುಮ್ನೆ ತಿನ್ನುವುದು 'ಕೊಮೆರ್', ಒಂದು ಚೂರೂ ಬಿಡದೆ ತಿಂದು ಮುಗಿಸುವುದು 'ಕೊಮೆರ್‌ಸೆ'. ಫ್ರಿಜ್ಜಿನಲ್ಲಿಟ್ಟ ಕೇಕು ಬೆಳಿಗ್ಗೆ ಕಾಣದಿದ್ದಾಗ ಗಂಡನ ಮೇಲೆ ಪ್ರಯೋಗಿಸಬೇಕಾದ ವ್ಯಾಕರಣ.

ಇವೆಲ್ಲ ಹೇಗೋ ನಡೆಯುತ್ತವೆ. ತಲೆ ತಿನ್ನುವುದು ಎರಡು ಭೂತಕಾಲಗಳ ಜಗಳ. ಮ್ಯಾಡ್ರಿಡ್ ಕಡೆ ಇವತ್ತು ನಡೆದದ್ದಕ್ಕೆ 'ಅಬೇರ್' ಎಂಬ ಸಹಾಯಕ್ಕೆ ನಿಂತ ಕ್ರಿಯಾಪದ ಹಚ್ಚಿ 'ಎ ಕೊಮಿದೊ' ಅನ್ನಬೇಕು. ನಿನ್ನೆ ನಡೆದದ್ದಾದರೆ ಬರೀ 'ಕೊಮೀ'. ಈ ವಾರ, ಈ ತಿಂಗಳು, ಈ ವರ್ಷ ಅಂದರೆ ಮೊದಲನೆಯದು. ಹೋದ ವಾರ, ಹೋದ ವರ್ಷ, 1992ರಲ್ಲಿ ಅಂದರೆ ಎರಡನೆಯದು. ಮೊದಲನೆಯದರ ಬಾಗಿಲು ಇನ್ನೂ ತೆರೆದಿದೆ, ಎರಡನೆಯದು ಬೀಗ ಹಾಕಿದ ಕಾಲ ಅಂತ ಟೀಚರ್ ಕೈಯಲ್ಲಿ ಬೀಗ ತಿರುಗಿಸಿ ತೋರಿಸಿದರು. ಅಂದರೆ ನಾನು ತಿಂದ ಅದೇ ಇಡ್ಲಿ ರಾತ್ರಿ ಕಳೆದು ಬೆಳಗಾಗುವಷ್ಟರಲ್ಲಿ ಬೇರೆ ರೂಪ ತಾಳುತ್ತದೆ.

ಈ ನಿಯಮದಿಂದ ನಿಜವಾದ ಲಾಭ ಯಾರಿಗೆ ಅಂದುಕೊಂಡಿರಿ? ಪ್ಲಂಬರ್‌ಗೆ. ಕೆಲಸ ಮಾಡಿದ ದಿನ ಫೋನ್ ಮಾಡಿದರೆ "ಲೊ ಎ ಅರ್ರೆಗ್ಲಾದೊ" ಅನ್ನುತ್ತಾನೆ. ರಿಪೇರಿ ಮಾಡಿದ್ದೇನೆ. ಬಾಗಿಲು ತೆರೆದಿದೆ, ಜಗಳಕ್ಕೆ ಅವಕಾಶವಿದೆ. ಮಾರನೇ ದಿನ ಅದೇ ಮಾತು "ಲೊ ಅರ್ರೆಗ್ಲೇ" ಆಗುತ್ತದೆ. ಬೀಗ ಬಿತ್ತು. ಪೈಪು ಸೋರುತ್ತಿದ್ದರೂ ವ್ಯಾಕರಣದ ಪ್ರಕಾರ ಕೇಸು ಮುಗಿಯಿತು.

ಆತ ಕೆಲಸ ಮಾಡುವ ಚೆಂದ ನೋಡಬೇಕು. ಸಿಂಕಿನ ಕೆಳಗಿನ ಕಪಾಟಿಗೆ ತಲೆ ತೂರಿಸಿ, ಒಂದು ಕಾಲನ್ನು ಫ್ರಿಜ್ಜಿಗೆ ಒತ್ತುಕೊಟ್ಟು ಮಲಗುತ್ತಾನೆ. ಒಳಗಿನಿಂದ ಸ್ಪ್ಯಾನರ್ ಸದ್ದು, ಏದುಸಿರು, ಯಾರನ್ನೋ ಬೈಯುವ ದನಿ. ಹಿಂದೆ ಕೆಲಸ ಮಾಡಿ ಹೋದವನನ್ನು ಬೈಯುವುದು ಪ್ಲಂಬರ್ ಧರ್ಮ. ಹಿಂದೆ ಮಾಡಿ ಹೋದವನೂ ಈತನೇ ಅನ್ನುವುದು ಬೇರೆ ಮಾತು. ಆಮೇಲೆ ಹೊರಗೆ ಬಂದು, ಜೇಬಿನಿಂದ ಹಳೇ ಬಟ್ಟೆ ತೆಗೆದು ಪೈಪಿನ ತಿರುವನ್ನು ಒರೆಸುತ್ತಾನೆ. ಅದರ ಕೆಳಗೆ ಅಂಗೈ ಹಿಡಿದು ನನ್ನ ಮುಖ ನೋಡುತ್ತಾನೆ.

ಹನಿ ಕೂಡಿಕೊಳ್ಳಲು ಸ್ವಲ್ಪ ಹೊತ್ತು ಬೇಕು. ಮೊದಲು ವಾಷರ್ ಅಂಚಿನಲ್ಲಿ ಒಂದಿಷ್ಟು ತೇವ. ಆಮೇಲೆ ಸಣ್ಣ ಹೊಳಪು. ಆಮೇಲೆ ಹೊಟ್ಟೆ ಬಿಟ್ಟುಕೊಂಡು ಜೋತಾಡುವ ಹನಿ. ಈ ಹೊಳಪಿಗೂ ಹೊಟ್ಟೆಗೂ ನಡುವಿನ ಸಂದು ಆತನಿಗೆ ಬಾಯಿಪಾಠ. ಮೃದಂಗದವರು ಸಮಕ್ಕೆ ಬಂದು ಕೈ ಎತ್ತುವ ಹಾಗೆ, ಸರಿಯಾಗಿ ಅಲ್ಲೇ ಕೈ ಹಿಂದಕ್ಕೆ ಎಳೆದು, ಒಣ ಅಂಗೈ ತೋರಿಸಿ "ಯಾ ಎಸ್ತಾ" ಅನ್ನುತ್ತಾನೆ. ಕಪಾಟಿನ ಬಾಗಿಲು ತಾನೇ ಮುಚ್ಚುತ್ತಾನೆ, ಅಷ್ಟು ಒಳ್ಳೆಯವನು.

ಇವತ್ತು ನಾನು ಬಾಗಿಲು ಮುಚ್ಚಲು ಬಿಡಲಿಲ್ಲ. ಕಾಫಿ ಬೇಕಾ ಅಂತ ಕೇಳುವ ನೆಪದಲ್ಲಿ ಅಡ್ಡ ನಿಂತೆ. ಹನಿ ಬಿತ್ತು, ಆತನ ಬೂಟಿನ ಮೇಲೇ. ಇಬ್ಬರೂ ಬೂಟು ನೋಡಿದೆವು.

"ಅದು ಪೈಪಿನಲ್ಲಿ ಉಳಿದಿದ್ದ ನೀರು" ಅಂದ.

ಇನ್ನೊಂದು ಬಿತ್ತು.

"ಅದೂ ಉಳಿದಿದ್ದೇ."

ಮತ್ತೊಂದು ಬೀಳುವ ಮೊದಲು ಬೂಟು ಪಕ್ಕಕ್ಕೆ ಸರಿಸಿದ. ನೋಡಿ, ಬೀಳುತ್ತದೆ ಅಂತ ಕಾಲಿಗೆ ಗೊತ್ತಿತ್ತು, ಬಾಯಿಗೆ ಮಾತ್ರ ಗೊತ್ತಿರಲಿಲ್ಲ! ಬಸವನಗುಡಿಯಲ್ಲಿ ಇದೇ ಮಾತನ್ನು ಶುದ್ಧ ಕನ್ನಡದಲ್ಲಿ ಕೇಳಿದ್ದೇನೆ. "ಲೈನಲ್ಲಿ ಉಳ್ದಿದ್ ನೀರು ಮೇಡಂ, ತಾನೇ ನಿಂತೋಗುತ್ತೆ." ಪ್ಲಂಬರ್‌ಗಳಿಗೆಲ್ಲ ಪ್ರಪಂಚದಲ್ಲಿ ಒಂದೇ ಸಿಲಬಸ್ ಇರಬೇಕು.

ಕೊನೆಗೆ ವಾಷರ್ ಕಡೆ ಬೆರಳು ತೋರಿಸಿ "ಸೆ ಆ ರೊತೊ" ಅಂದ. ಇದೊಂದು ಬಹಳ ಅನುಕೂಲದ ವಾಕ್ಯ. ಮುರಿದವರು ಯಾರೂ ಇಲ್ಲ, ಅದೇ ಮುರಿದುಕೊಂಡಿತು. ನನ್ನ ಕೈಯಲ್ಲೇ ಗ್ಲಾಸು ಒಡೆದರೂ 'ಸೆ ಮೆ ಆ ರೊತೊ' ಅಂದರೆ ಸಾಕು. ಒಡೆದುಕೊಂಡದ್ದು ಗ್ಲಾಸು, ನಾನು ಪಾಪ ಅದನ್ನು ಅನುಭವಿಸಿದವಳು. ಇದನ್ನು ಮಾತ್ರ ನಾನು ಒಂದೇ ಸಲಕ್ಕೆ ಕಲಿತೆ. ನಮ್ಮನೆಯಲ್ಲೂ ಅಷ್ಟೇ ಅಲ್ವಾ, ಪಿಂಗಾಣಿ ಕಪ್ಪುಗಳೆಲ್ಲ 'ಒಡೆದು ಹೋದವು', ಒಡೆದವರು ಇವತ್ತಿಗೂ ಸಿಕ್ಕಿಲ್ಲ.

ನಮ್ಮ ಹನಿಗಳು ಹೋಗಿ ಸೇರುವುದು ಕೆಳಗಿನ ಮನೆಯ ಸೀಲಿಂಗಿಗೆ. ಅಲ್ಲಿರುವವರು ಬ್ಯೂನಸ್ ಐರಿಸ್‌ನಿಂದ ಬಂದ ಹಿರಿಯ ಹೆಂಗಸು. ಮೆಟ್ಟಿಲು ಹತ್ತಿ ಬಂದು "ರೆಸ್ಯೆನ್ ಪಿಂತೇ!" ಅಂತ ಕೂಗುತ್ತಾರೆ. ಈಗಷ್ಟೇ ಪೇಂಟ್ ಮಾಡಿದ್ದೆ ಅಂತ. ಅವರಿಗೆ 'ಅಕಾಬಾರ್ ದೆ' ಗೋಜೇ ಇಲ್ಲ. 'ರೆಸ್ಯೆನ್' ಹಾಕಿ ಸಾದಾ ಭೂತಕಾಲ, ಅಷ್ಟೇ. ಇವತ್ತು ಬೆಳಿಗ್ಗೆ ನಡೆದದ್ದಕ್ಕೂ ಸಾದಾ ಭೂತಕಾಲವೇ. ಲ್ಯಾಟಿನ್ ಅಮೆರಿಕದಲ್ಲಿ ಹೆಚ್ಚಿನ ಕಡೆ ಹೀಗೇ. ಅಷ್ಟು ದೂರ ಯಾಕೆ, ಸ್ಪೇನಿನೊಳಗೇ ಗಲೀಸಿಯಾ, ಅಸ್ತೂರಿಯಾಸ್, ಕ್ಯಾನರಿ ದ್ವೀಪಗಳ ಕಡೆಯವರೂ ಹೀಗೇ ಮಾತಾಡುತ್ತಾರೆ. ಹಾಗಾದರೆ ಈ ಬೀಗದ ಕಥೆ ಏನು ಅಂತ ಟೀಚರನ್ನು ಕೇಳಿದೆ. "ಅವರದ್ದೂ ಸರಿ, ಆದರೆ ನಮ್ಮ ಪುಸ್ತಕದಲ್ಲಿ ಹಾಗಿಲ್ಲ" ಅಂದರು. ಧಾರವಾಡದವರ "ಊಟಾ ಆತೇನ್ರಿ" ಕೂಡ ನಮ್ಮ ಶಾಲೆಯ ಪುಸ್ತಕದಲ್ಲಿರಲಿಲ್ಲ. ಸುಮ್ಮನಾದೆ.

ಪಂಡಿತರು ಇದರಲ್ಲಿ ಕೈ ಹಾಕಿ ಶತಮಾನಗಳಾದವು. ಕೊಲಂಬಸ್ ಹಡಗು ಹತ್ತಿದ 1492ರಲ್ಲೇ ನೆಬ್ರಿಹಾ ಎಂಬಾತ ಈ ಭಾಷೆಗೆ ವ್ಯಾಕರಣ ಬರೆದ. (ನಮ್ಮ ಕೇಶಿರಾಜ ಅದಕ್ಕೂ ಇನ್ನೂರು ವರ್ಷ ಮೊದಲೇ ಬರೆದಾಗಿತ್ತು, ಇದನ್ನು ಕ್ಲಾಸಿನಲ್ಲಿ ಹೇಳಿ ಬಂದಿದ್ದೇನೆ.) ಕ್ಯಾರಕಾಸ್‌ನಲ್ಲಿ ಹುಟ್ಟಿದ ಆಂದ್ರೆಸ್ ಬೆಯೊ 1847ರಲ್ಲಿ ಚಿಲಿಯಲ್ಲಿ ಕೂತು ಲ್ಯಾಟಿನ್ ಅಮೆರಿಕದವರಿಗಾಗಿಯೇ ಬೇರೆ ವ್ಯಾಕರಣ ಬರೆದು, ಕಾಲಗಳಿಗೆಲ್ಲ ಹೊಸ ಹೆಸರಿಟ್ಟ. ಇಷ್ಟೆಲ್ಲದರ ನಡುವೆ ಒಂದು ಕಾಲ ಮಾತ್ರ ಬಾಯಿಮಾತಿನಿಂದ ಎದ್ದೇ ಹೋಗಿದೆ. 'ಉಬೊ ತೆರ್ಮಿನಾದೊ'. ಒಂದು ಕೆಲಸ ಪೂರ್ತಿ ಮುಗಿದ ಕೂಡಲೇ ಇನ್ನೊಂದು ಆಯಿತು ಅನ್ನುವುದಕ್ಕೆಂದೇ ಇದ್ದ ಕಾಲ. ಈಗ ಪುಸ್ತಕಗಳಲ್ಲಿ ಮಾತ್ರ ಕಾಣುತ್ತದೆ. ಹೋಗದೆ ಏನು ಮಾಡೀತು? ಕೆಲಸ ಪೂರ್ತಿ ಮುಗಿಯುವ ಪ್ರಸಂಗ ಬಂದರೆ ತಾನೇ ಅದಕ್ಕೆ ಕೆಲಸ.

ಹಾಗಂತ ನಾವೇನು ಕಡಿಮೆ? ಮೊಬೈಲಿನಲ್ಲಿ "ಬಂದೆ, ಬಂದೆ" ಅನ್ನುವವನು ಇನ್ನೂ ಟವೆಲ್ ಹುಡುಕುತ್ತಿರುತ್ತಾನೆ. ಬರುವ ಮೊದಲೇ ಬಂದಾಗಿರುತ್ತದೆ. ಸ್ಪ್ಯಾನಿಷ್‌ನವರು ಪಾಪ ಆ ಜಾಗದಲ್ಲಿ 'ಯಾ ವೊಯ್' ಅಂತ ವರ್ತಮಾನ ಕಾಲಕ್ಕೇ ನಿಲ್ಲುತ್ತಾರೆ. ಸುಳ್ಳಿನಲ್ಲೂ ಒಂದು ಮರ್ಯಾದೆ.

ಅಮ್ಮ ದಿನಾ ರಾತ್ರಿ 9.30ಕ್ಕೆ ಉಂಡು, ಪಾತ್ರೆ ತೊಳೆದಿಟ್ಟು ಫೋನ್ ಮಾಡುತ್ತಾಳೆ. "ಊಟ ಆಯ್ತಾ?" ಬೇಸಿಗೆಯಲ್ಲಿ ಇಲ್ಲಿ ಆಗ ಸಂಜೆ 6 ಗಂಟೆ. ಈ ಊರಿನಲ್ಲಿ ರಾತ್ರಿ 9ಕ್ಕೆ ಮೊದಲು ಯಾರೂ ಊಟದ ಸುದ್ದಿ ಎತ್ತುವುದಿಲ್ಲ. "ಹೂಂ, ಆಯ್ತಮ್ಮ" ಅನ್ನುತ್ತೇನೆ. ಅವಳಿಗೆ ನಿದ್ದೆ ಬರಬೇಕಲ್ಲ.

ಹೋದ ವಾರ ಮನೆಯವರ ಬಗ್ಗೆ ಬರೆದು ತರಲು ಹೇಳಿದ್ದರು. ಅಪ್ಪ ಹೋಗಿ ವರ್ಷಗಳೇ ಆದವು. ಲೆಕ್ಕದ ಪ್ರಕಾರ ಬೀಗ ಹಾಕಿದ ಕಾಲ, 'ಮುರಿಯೋ' ಅಂತ ಬರೆಯಬೇಕು. ಆದರೆ ಹಳೆಯದಾದರೂ ಮನಸ್ಸಿನಿಂದ ಹೋಗದಿದ್ದರೆ ಮೊದಲನೆಯದನ್ನೂ ಬಳಸಬಹುದು ಅಂತ ಟೀಚರೇ ಹಿಂದೊಮ್ಮೆ ಹೇಳಿದ್ದರು. 'ಆ ಮ್ವೆರ್ತೊ' ಅಂತಲೇ ಬರೆದೆ. ಅವರು ಕೆಂಪು ಪೆನ್ನು ಎತ್ತಿದರು, ನನ್ನ ಮುಖ ನೋಡಿದರು, ಮುಂದಿನ ಸಾಲಿಗೆ ಹೋದರು.

ಈಗ ಇದನ್ನು ಬರೆಯುತ್ತಿರುವಾಗಲೇ ಪ್ಲಂಬರ್ ಮೆಸೇಜು ಬಂತು. ಕೆಳಗಿನ ಮನೆಯವರು ನೇರವಾಗಿ ಫೋನ್ ಮಾಡಿ ಉಗಿದಿರಬೇಕು. "ಮನ್ಯಾನಾ ಲೊ ದೆಹೊ ಎಚೊ" ಅಂತಿದೆ. ನಾಳೆ ಮಾಡಿ ಮುಗಿಸಿಡುತ್ತೇನೆ ಅಂತ ಇರಬೇಕು. ಬಿಡಿಸಿ ನೋಡಿದರೆ ಮೊದಲ ಪದ ನಾಳೆಯದು, ಕ್ರಿಯಾಪದ ವರ್ತಮಾನದ್ದು, ಕೊನೆಯ ಪದ ಆಗಲೇ ಮುಗಿದದ್ದು. ನಾಲ್ಕು ಪದಗಳಲ್ಲಿ ಮೂರು ಕಾಲವೂ ಬಂತು, ವಾಷರ್ ಮಾತ್ರ ಬರಲಿಲ್ಲ. ಇದು ಯಾವ ಪಾಠದಲ್ಲಿದೆ ಅಂತ ಪುಸ್ತಕವನ್ನೆಲ್ಲ ತಿರುವಿ ಹಾಕಿದೆ, ಸಿಗಲಿಲ್ಲ. ಟೀಚರ್‌ಗೆ ಮೆಸೇಜು ಹಾಕಿ ಕೇಳಿದರೆ, ಅದು ಮುಂದಿನ ಹಂತದ ಕೋರ್ಸಿನಲ್ಲಿ ಬರುತ್ತದಂತೆ. ಫೀಸು ಬೇರೆ.