ಬಣ್ಣ ಆರಿಸುವ ಮೊದಲು ಕೌಂಟರ್ ಪಕ್ಕ ಕೂತು ನೋಡಿ

ಚಿಕ್ಕಮಗಳೂರಿನಲ್ಲಿ ಸಣ್ಣ ಅಂಗಡಿ, ಹೋಂಸ್ಟೇಗಳಿಗೆ ಇನ್‌ಸ್ಟಾಗ್ರಾಂ, ಫೇಸ್‌ಬುಕ್ ಪೋಸ್ಟ್ ಮಾಡಿಕೊಡುವುದು ನನ್ನ ಕೆಲಸ. ಕೆಲಸ ಕೊಡುವವರು ಮೊದಲು ಹೇಳುವ ಮಾತು ಒಂದೇ: "ಡಿಸೈನ್ ರಿಚ್ ಆಗಿ ಕಾಣ್ಬೇಕು." ಯಾರಿಗೆ ಕಾಣಬೇಕು, ಕಂಡ ಮೇಲೆ ಅವರು ಏನು ಮಾಡಬೇಕು ಅನ್ನುವುದು ಮಾತಿಗೇ ಬರುವುದಿಲ್ಲ.

ಒಂದು ಕಾಫಿ ಪುಡಿ ಅಂಗಡಿಗೆ ಮೂರು ತಿಂಗಳು ಪೋಸ್ಟ್ ಮಾಡಿದೆ. ಗಾಢ ಕಂದು ಬಣ್ಣ, ಬಂಗಾರದ ಗೆರೆ, ಹಬೆಯಾಡುವ ಲೋಟ. ಪೇಜ್ ತೆರೆದರೆ ಎಲ್ಲ ಚೌಕವೂ ಒಂದೇ ಹದದಲ್ಲಿ ಕಾಣುತ್ತಿತ್ತು. ಲೈಕ್ ಬಂತು, ಜಾಸ್ತಿ ನಮ್ಮಂಥ ಡಿಸೈನರ್‌ಗಳದ್ದೇ. ಯಜಮಾನರು ಒಂದು ದಿನ ಮೆತ್ತಗೆ ಹೇಳಿದರು, "ಚೆನ್ನಾಗಿದೆ ಕಣಮ್ಮಾ. ಆದ್ರೆ ಇದನ್ನ ನೋಡಿ ಬಂದೆ ಅಂದೋರು ಒಬ್ರೂ ಇಲ್ವಲ್ಲ."

ಎರಡು ದಿನ ಅವರ ಕೌಂಟರ್ ಪಕ್ಕ ಸ್ಟೂಲ್ ಹಾಕಿಕೊಂಡು ಕೂತೆ. ಬಂದವರು ಕೇಳುತ್ತಿದ್ದುದು ನನ್ನ ಪೋಸ್ಟ್‌ಗಳಲ್ಲಿ ಎಲ್ಲೂ ಇರಲಿಲ್ಲ. "ಚಿಕೋರಿ ಎಷ್ಟು ಹಾಕ್ತೀರಾ?" "ಫಿಲ್ಟರ್‌ಗೆ ಯಾವ ಪುಡಿ ಆಗುತ್ತೆ?" "ಬೆಂಗಳೂರಿಗೆ ಕಳಿಸ್ತೀರಾ?" ಚಿಕೋರಿ ಅಂದರೆ ಕಾಫಿ ಪುಡಿಗೆ ಬೆರೆಸುವ, ಹುರಿದ ಬೇರಿನ ಪುಡಿ. ಅದರ ಪ್ರಶ್ನೆಯೇ ಎಲ್ಲಕ್ಕಿಂತ ಜಾಸ್ತಿ. ಮಿಶ್ರಣದಲ್ಲಿ ಚಿಕೋರಿ ಶೇ. 49 ಮೀರುವಂತಿಲ್ಲ, ಎಷ್ಟಿದೆ ಅಂತ ಪೊಟ್ಟಣದ ಮೇಲೆ ಹಾಕಲೇಬೇಕು ಅನ್ನುವ ನಿಯಮವಿದೆ. ಮುಚ್ಚಿಡುವ ವಿಷಯವೇ ಅಲ್ಲ. ಆದರೂ ಪೋಸ್ಟ್‌ನಲ್ಲಿ ಹೇಳಬೇಕು ಅಂತ ನನಗೆ ಹೊಳೆದಿರಲಿಲ್ಲ.

ಅದನ್ನೇ ಹೇಳಿದೆವು. ಸ್ಟೀಲ್ ತಟ್ಟೆಯಲ್ಲಿ 80 ಗ್ರಾಂ ಕಾಫಿ ಪುಡಿಯ ಗುಡ್ಡೆ, ಪಕ್ಕದಲ್ಲಿ 20 ಗ್ರಾಂ ಚಿಕೋರಿ. ಕಿಟಕಿಯ ಬೆಳಕು. "ನಮ್ಮ ಪುಡಿಯಲ್ಲಿ ಇರೋದು ಇಷ್ಟೇ" ಅಂತ ಒಂದೇ ಸಾಲು, ಕೆಳಗೆ ವಾಟ್ಸಾಪ್ ನಂಬರ್. ಲೈಕ್ ಹಿಂದಿನವುಗಳಿಗಿಂತ ಕಡಿಮೆಯೇ ಬಂತು. ಆದರೆ ಜನ ಶೇರ್ ಮಾಡಿದರು, "ಚಿಕೋರಿ ಇಲ್ಲದ್ದು ಇದೆಯಾ" ಅಂತ ಮೆಸೇಜ್ ಮಾಡಿದರು.

ಹಾಗಂತ ಡಿಸೈನ್ ಬೇಡ ಅಂತಲ್ಲ. ಇದೇ ವಿಷಯವನ್ನು ಯಜಮಾನರು ಹಿಂದೆಯೇ ತಾವೇ ಹಾಕಿದ್ದರು. ಕೆಂಪು ಹಿನ್ನೆಲೆ, ಹಳದಿ ಅಕ್ಷರ, ಎಂಟು ದರ, ಎರಡು ಫೋನ್ ನಂಬರ್, ವಿಳಾಸ. ಚಿಕೋರಿ ಪ್ರಮಾಣವೂ ಅದರ ನಡುವೆ ಎಲ್ಲೋ ಇತ್ತು. ಯಾರ ಕಣ್ಣಿಗೂ ಬೀಳಲಿಲ್ಲ.

ಕನ್ನಡಕ್ಕೆ ಇಲ್ಲಿ ಇನ್ನೊಂದು ತೊಂದರೆ ಇದೆ. ರೆಡಿ ಟೆಂಪ್ಲೇಟ್‌ಗಳು ಹೆಚ್ಚಾಗಿ ಇಂಗ್ಲಿಷ್ ಅಕ್ಷರದ ಅಳತೆಗೆ ಮಾಡಿದವು. ಅದರಲ್ಲಿ "ಚಿಕ್ಕಮಗಳೂರು" ಅಂತ ಬರೆದು ನೋಡಿ. ಕಕಾರದ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ಹೋಗಿ ತಾಗುತ್ತದೆ. ಸಾಲಿನ ನಡುವೆ ಜಾಗ ಬಿಡಬೇಕು, ಜಾಗ ಬಿಡಬೇಕಾದರೆ ಮಾತು ಕಡಿಮೆ ಮಾಡಬೇಕು. ಯಾವ ಮಾತು ಉಳಿಯಬೇಕು ಅನ್ನುವುದನ್ನು ಡಿಸೈನ್ ಹೇಳುವುದಿಲ್ಲ. ಅದಕ್ಕೆ ಗಿರಾಕಿ ಯಾರು ಅಂತ ಗೊತ್ತಿರಬೇಕು. ಗಿರಾಕಿ ಐವತ್ತು ದಾಟಿದವರು ಅಂತಾದರೆ ಅಕ್ಷರದ ಗಾತ್ರವೂ ಅಲ್ಲೇ ತೀರ್ಮಾನ ಆಯಿತು, ಅಲ್ವಾ?

ಹೋಂಸ್ಟೇಗಳಲ್ಲಿ ಎಲ್ಲರದ್ದೂ ಮುಳ್ಳಯ್ಯನಗಿರಿಯ ಮಂಜಿನ ಫೋಟೊ. ಲೋಗೊ ಮೇಲೆ ಬೆರಳಿಟ್ಟು ನೋಡಿ, ಯಾರದ್ದು ಅಂತ ಗೊತ್ತಾಗುವುದಿಲ್ಲ. ಮಳೆಗಾಲದಲ್ಲಿ ಬರುವ ಕುಟುಂಬಕ್ಕೆ ಬೇಕಿರುವುದು ಬೇರೆ. ಕಾರು ಅಂಗಳದ ತನಕ ಬರುತ್ತಾ? ಅಜ್ಜಿ ಎಷ್ಟು ಮೆಟ್ಟಿಲು ಹತ್ತಬೇಕು? ಕರೆಂಟ್ ಹೋದರೆ ಬಿಸಿನೀರು ಇದೆಯಾ? ಕೊನೆಯ ಪ್ರಶ್ನೆಗೆ ಬಚ್ಚಲು ಒಲೆ, ಹಂಡೆಯ ಒಂದು ಒಳ್ಳೆಯ ಫೋಟೊ ಸಾಕು.

ಯಾವಾಗ ಹಾಕಬೇಕು ಅನ್ನುವುದೂ ಮುಖ್ಯ. ರೆಡಿ ಸಿಗುವ ಕಂಟೆಂಟ್ ಕ್ಯಾಲೆಂಡರ್‌ಗಳಲ್ಲಿ ವ್ಯಾಲೆಂಟೈನ್ಸ್ ಡೇ ಇರುತ್ತದೆ, ನಮ್ಮ ತೋಟದ ವರ್ಷ ಇರುವುದಿಲ್ಲ. ಅರೇಬಿಕಾ ಕೊಯ್ಲು, ಕಣದಲ್ಲಿ ಒಣಗುವ ಕಾಫಿ, ಆಮೇಲೆ ಇನ್ನೊಂದು ಜಾತಿಯ ಕಾಫಿ ರೊಬಸ್ಟಾದ ಕೊಯ್ಲು, ಬೇಸಿಗೆ ಶುರುವಿಗೆ ಕಾಫಿ ಗಿಡ ಹೂ ಬಿಡುವಂತೆ ಮಾಡುವ ಹೂ ಮಳೆ. ಮಳೆ ಬಿದ್ದು ಎಂಟು-ಹತ್ತು ದಿನಕ್ಕೆ ತೋಟ ಬೆಳ್ಳಗಾಗುತ್ತದೆ. ಮಲ್ಲಿಗೆಯಂಥ ಪರಿಮಳ. ಎಲ್ಲರೂ ಹೂ ಅರಳಿದ ಮೇಲೆ ಫೋಟೊ ಹಾಕುತ್ತಾರೆ. ನೋಡಿದವರು ರಜೆ ಹಾಕಿ ಹೊರಡುವಷ್ಟರಲ್ಲಿ ಹೂ ಕಂದಿರುತ್ತದೆ. ಮಳೆ ಬಿದ್ದ ದಿನವೇ ಹಾಕಿದರೆ ಅವರಿಗೆ ಒಂದು ವಾರ ಸಿಗುತ್ತದೆ.

ಈ ಸಲ ಒಂದು ಹೋಂಸ್ಟೇಗೆ ಆ ಪೋಸ್ಟ್ ಈಗಲೇ ಮಾಡಿಟ್ಟಿದ್ದೇನೆ. ಕಳೆದ ವರ್ಷದ ಹೂವಿನ ಫೋಟೊ, ಕಳೆದ ವರ್ಷದ್ದು ಅಂತಲೇ ಬರೆದಿದ್ದೇನೆ. ಹೂ ಬಿಡುವ ತಾರೀಕಿಗೆ ಮಾತ್ರ ಜಾಗ ಖಾಲಿ ಇದೆ. ಮಳೆ ಬಂದ ದಿನ ಲೆಕ್ಕ ಹಾಕಿ ತುಂಬುತ್ತೇನೆ.